ಗಣಿಯ ಕತ್ತಲಲ್ಲಿ ಮೂರು ದೇಶಗಳ ಕಾವಲು

ನೆಲದ ಆಳವೆಂದರೆ ಏನೆಂಬುದನ್ನು ಕೋಲಾರ ಸೀಮೆಯ ಜನರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಮಾಲೂರಿನ ಹೂವಿನ ತೋಟವಿರಲಿ, ಶ್ರೀನಿವಾಸಪುರದ ಮಾವಿನ ತೋಪಿರಲಿ, ಮುಳಬಾಗಿಲಿನ ಟೊಮೇಟೊ ಹೊಲವಿರಲಿ, ಕೊಳವೆಬಾವಿ ಕೊರೆಸಿದ ರೈತನು ಅಡಿಗಳ ಲೆಕ್ಕವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲನು. ಸಾವಿರ ಅಡಿ ದಾಟಿದರೂ ನೀರಿನ ಬದಲು ಬರೀ ಧೂಳೆದ್ದ ರಾತ್ರಿಗಳನ್ನು ನಮ್ಮ ಎಷ್ಟೋ ಕುಟುಂಬಗಳು ಕಂಡಿವೆ. ಆದರೆ ಇದೇ ಜಿಲ್ಲೆಯಲ್ಲಿ 7,600 ಅಡಿ ಆಳದಲ್ಲಿ, ನೀರಿಗಾಗಿಯೂ ಅಲ್ಲದೆ ಚಿನ್ನಕ್ಕಾಗಿಯೂ ಅಲ್ಲದೆ, ಕೇವಲ ತಿಳಿಯುವ ಸಲುವಾಗಿ ಮೂರು ದೇಶಗಳ ಜನರು ವರ್ಷಗಟ್ಟಲೆ ಕಾದು ಕುಳಿತಿದ್ದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಒಮ್ಮೆ ಬೇಸಿಗೆ ರಜೆಯಲ್ಲಿ ನಾಲ್ಕೂ ತಾಲ್ಲೂಕುಗಳ ಮಕ್ಕಳಿಗಾಗಿ ನಾವು ನಡೆಸಿದ ಶಿಬಿರದಲ್ಲಿ ಈ ಪ್ರಶ್ನೆ ತಾನಾಗಿಯೇ ಎದ್ದಿತು. ಕೆ.ಜಿ.ಎಫ್. ಲೋಕಕ್ಕೆ ಏನನ್ನು ಕೊಟ್ಟಿತು ಎಂದು ಕೇಳಿದಾಗ ಮಕ್ಕಳೆಲ್ಲರೂ ಒಂದೇ ಸ್ವರದಲ್ಲಿ ಚಿನ್ನ ಎಂದರು. ಒಬ್ಬ ಹುಡುಗ ಮಾತ್ರ, “ಫಾದರ್, ಚಿನ್ನವೂ ಮುಗಿಯಿತು. ಈಗ ಅಲ್ಲಿ ಸಯನೈಡ್ ದಿಬ್ಬಗಳನ್ನು ಬಿಟ್ಟರೆ ಏನಿದೆ?” ಎಂದು ಕೇಳಿದ. ಆಗ ಹಿಂದಿನ ಸಾಲಿನಲ್ಲಿದ್ದ, ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಎದ್ದುನಿಂತರು. “ಸ್ವಾಮೀ, ಒಂದು ಸಲ ಕಬ್ಬಿಣದ ತಟ್ಟೆಗಳನ್ನು ಕೇಜಿನಲ್ಲಿ ಕೆಳಕ್ಕೆ ಇಳಿಸಿದೆವು. ಇಷ್ಟು ವರ್ಷ ಮೇಲಕ್ಕೆ ತಂದವರು ಈಗ ಕೆಳಕ್ಕೆ ಯಾಕೆ ಒಯ್ಯುತ್ತಿದ್ದೇವೆ ಎಂದು ನಾವೂ ಕೇಳಲಿಲ್ಲ. ಚಿನ್ನ ಹುಡುಕುವ ಮಿಷನ್ ಇರಬೇಕು ಅಂದುಕೊಂಡೆವು,” ಎಂದರು. ಮಕ್ಕಳು ನಕ್ಕರು. ನಮಗೆ ನಗು ಬರಲಿಲ್ಲ. ಏಕೆಂದರೆ ಇದೇ ನೆಲದಲ್ಲಿ ಹಲವು ವರ್ಷ ಸೇವೆ ಮಾಡಿದ ನಮಗೂ ಆ ಕಬ್ಬಿಣದ ಕಥೆ ಅಂದಿನವರೆಗೆ ಗೊತ್ತಿರಲಿಲ್ಲ. ಅನಂತರ ಓದಿ ತಿಳಿದುಕೊಂಡದ್ದನ್ನು ಓದುಗರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಆಕಾಶದಿಂದ ನಮ್ಮ ಮೇಲೆ ಹಗಲಿರುಳೂ ಒಂದು ಬಗೆಯ ಕಾಣದ ಮಳೆ ಸುರಿಯುತ್ತಿರುತ್ತದೆ. ಅದಕ್ಕೆ ವಿಶ್ವಕಿರಣವೆಂದು ಹೆಸರು. ದೂರದ ವ್ಯೋಮದಿಂದ ಬಂದ ಕಣಗಳು ವಾಯುಮಂಡಲಕ್ಕೆ ಅಪ್ಪಳಿಸಿದಾಗ ಹೊಸ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಮ್ಯೂಯಾನ್ ಎಂಬುದು ನಮ್ಮ ಮನೆಯ ಛಾವಣಿಯನ್ನೂ, ನಮ್ಮ ಶರೀರವನ್ನೂ ತೂರಿ ನೆಲದೊಳಕ್ಕೆ ಇಳಿಯುತ್ತದೆ. ಆಳ ಹೆಚ್ಚಿದಂತೆ ಅದರ ಸಂಖ್ಯೆ ಕುಗ್ಗುತ್ತ ಹೋಗುತ್ತದೆ. ಎಷ್ಟು ಆಳಕ್ಕೆ ಎಷ್ಟು ಕುಗ್ಗುತ್ತದೆ ಎಂದು ಅಳೆಯಲು ಜಗತ್ತಿನಲ್ಲಿಯೇ ಅತ್ಯಂತ ಆಳವಾದ ಗಣಿಗಳಲ್ಲಿ ಒಂದಾದ ಕೋಲಾರ ಚಿನ್ನದ ಗಣಿಗಿಂತ ಉತ್ತಮವಾದ ಸ್ಥಳ ಯಾವುದು? ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಹೋಮಿ ಭಾಭಾ ಅವರಿಗೆ ಈ ವಿಚಾರ ಹೊಳೆಯಿತು. 1951ರಲ್ಲಿ ಅವರು ಈ ಕೆಲಸಕ್ಕೆ ಕಳುಹಿಸಿದ ಯುವಕ ನಮ್ಮ ನಂಜನಗೂಡಿನ ಕಡೆಯವರೇ ಆದ ಬಿ.ವಿ. ಶ್ರೀಕಂಠನ್. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದ ಅವರು 2019ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಹತ್ತು ವರ್ಷಗಳ ನಂತರ ಇನ್ನೂ ಆಳಕ್ಕಿಳಿದು ಅಳತೆ ಮಾಡಿದಾಗ ಒಂದು ವಿಚಿತ್ರ ಫಲಿತಾಂಶ ದೊರೆಯಿತು. ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಯಾನ್ ದಾಖಲಾಗಲಿಲ್ಲ. ಏನೂ ಸಿಗಲಿಲ್ಲವೆಂದು ಸಾಮಾನ್ಯರು ನಿರಾಶರಾಗುತ್ತಿದ್ದರು. ಆದರೆ ಗುರುಮಠದಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಗುರುಗಳು ನಮಗೆ ಹೇಳುತ್ತಿದ್ದ ಮಾತೊಂದಿದೆ: ಇಲ್ಲ ಎಂಬುದೂ ಒಂದು ಜ್ಞಾನ, ಚೆನ್ನಾಗಿ ಹುಡುಕಿದವನು ಹೇಳಿದರೆ. ಆ ಮೌನದಿಂದಲೇ ವಿಜ್ಞಾನಿಗಳಿಗೆ ಹೊಸ ಬಾಗಿಲು ತೆರೆಯಿತು. ಬೇರೆಲ್ಲ ಕಣಗಳ ಗದ್ದಲ ಅಡಗಿದ ಅಂತಹ ನಿಶ್ಶಬ್ದದಲ್ಲಿ ಮಾತ್ರ ನ್ಯೂಟ್ರಿನೊ ಎಂಬ ಅತಿ ನಾಚಿಕೆಯ ಕಣದ ಹೆಜ್ಜೆಯ ಸಪ್ಪಳವನ್ನು ಕೇಳಲು ಸಾಧ್ಯ.

ಈ ನ್ಯೂಟ್ರಿನೊದ ಇರವನ್ನು 1930ರಲ್ಲಿ ಪೌಲಿ ಎಂಬ ವಿಜ್ಞಾನಿ ಊಹಿಸಿದ್ದರು. 1956ರಲ್ಲಿ ಅಮೆರಿಕದ ಅಣುಸ್ಥಾವರವೊಂದರ ಬಳಿ ರೈನ್ಸ್ ಮತ್ತು ಕೋವನ್ ಅದನ್ನು ಪತ್ತೆಹಚ್ಚಿದರು. ಆದರೆ ವಾಯುಮಂಡಲದಲ್ಲಿ ಪ್ರಕೃತಿಯೇ ಹುಟ್ಟಿಸುವ ನ್ಯೂಟ್ರಿನೊವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅದು ಇಡೀ ಭೂಗೋಳವನ್ನೇ ತೂರಿ ಹೋಗಬಲ್ಲದು. ಎಂದಾದರೊಮ್ಮೆ ಬಂಡೆಯಲ್ಲಿ ಡಿಕ್ಕಿ ಹೊಡೆದಾಗ ಒಂದು ಮ್ಯೂಯಾನ್ ಹುಟ್ಟುತ್ತದೆ. ಮೇಲಿನಿಂದ ಬರುವ ಮ್ಯೂಯಾನ್ ವಿಶ್ವಕಿರಣದ್ದಾಗಿರಬಹುದು. ಆದರೆ ಅಷ್ಟು ಆಳದಲ್ಲಿ ಅಡ್ಡಡ್ಡಲಾಗಿ ಬಂದ ಮ್ಯೂಯಾನ್ ಹತ್ತಾರು ಮೈಲಿ ಬಂಡೆಯನ್ನು ದಾಟಿ ಬಂದಿರಲು ಸಾಧ್ಯವೇ ಇಲ್ಲ. ಅದು ಪಕ್ಕದಲ್ಲೇ ನ್ಯೂಟ್ರಿನೊದಿಂದ ಹುಟ್ಟಿದ್ದಾಗಿರಲೇಬೇಕು. ಆದ್ದರಿಂದ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟ್‌ನ 7,600 ಅಡಿ ಆಳದಲ್ಲಿ, ಗೋಡೆಗಳಂತೆ ನೆಟ್ಟಗೆ ನಿಂತ ಉಪಕರಣಗಳನ್ನು ಅಡ್ಡ ಬರುವ ಅತಿಥಿಗಾಗಿ ಕಾವಲಿಟ್ಟರು.

ಈ ಕಾವಲನ್ನು ಭಾರತ ಒಂಟಿಯಾಗಿ ಕಾಯಲಿಲ್ಲ. ಟಾಟಾ ಸಂಸ್ಥೆಯೊಡನೆ ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯವೂ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯವೂ ಕೈಜೋಡಿಸಿದವು. ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ನಮ್ಮ ಶ್ರೀಕಂಠನ್, ಆಚಾರ್, ನರಸಿಂಹನ್, ರಮಣಮೂರ್ತಿ, ಒಸಾಕಾದ ಮಿಯಾಕೆ ಮತ್ತು ಹಿನೊತಾನಿ, ಡರ್ಹಮ್‌ನ ವುಲ್ಫೆಂಡೇಲ್ ಮತ್ತವರ ಸಂಗಡಿಗರು ಒಂದೇ ಕುಟುಂಬದಂತೆ ದುಡಿದರು. ಕಣ ಹಾದುಹೋದಾಗ ಮಿನುಗುವ ನಿಯಾನ್ ಕೊಳವೆಗಳಲ್ಲಿ ಡರ್ಹಮ್‌ನವರು ಪಳಗಿದವರು. ಒಬ್ಬರಲ್ಲಿ ಇದ್ದುದು ಮತ್ತೊಬ್ಬರಲ್ಲಿ ಇರಲಿಲ್ಲ. ಆಳವಾದ ಗಣಿಯಂತೂ ನಮ್ಮಲ್ಲಿ ಮಾತ್ರವಿತ್ತು.

ಇಲ್ಲಿ ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕೆಂದು ಕೋರುತ್ತೇವೆ. ಜಪಾನು ಮತ್ತು ಬ್ರಿಟನ್ ಪರಸ್ಪರ ಯುದ್ಧ ಮಾಡಿ ಆಗಿನ್ನೂ ಇಪ್ಪತ್ತು ವರ್ಷಗಳಾಗಿದ್ದವು. ಬ್ರಿಟಿಷರು ಈ ದೇಶವನ್ನು ಬಿಟ್ಟುಹೋಗಿ ಹದಿನೆಂಟು ವರ್ಷಗಳಾಗಿದ್ದವು. ಆ ಗಣಿಯನ್ನಾದರೂ ಆಳಕ್ಕೆ ಇಳಿಸಿದ್ದು 1880ರಲ್ಲಿ ಬಂದ ಜಾನ್ ಟೇಲರ್ ಎಂಬ ಇಂಗ್ಲಿಷ್ ಕಂಪೆನಿ. ಒಂದು ಕಾಲದಲ್ಲಿ ಒಡೆಯರೂ ಆಳುಗಳೂ ಆಗಿ ಇಳಿದ ಅದೇ ಶಾಫ್ಟ್‌ನಲ್ಲಿ ಈಗ ಸಮಾನರಾಗಿ ಇಳಿಯಲು ಸಾಧ್ಯವಾದದ್ದು ಸಣ್ಣ ಸಂಗತಿಯೇ? ಅವರ ವರದಿ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾದ ದಿನ 1965ರ ಆಗಸ್ಟ್ 15. ನಮ್ಮ ಸ್ವಾತಂತ್ರ್ಯ ದಿನದಂದು ಮೂರು ದೇಶಗಳ ಹೆಸರುಗಳು ಒಂದೇ ಹಾಳೆಯ ಮೇಲೆ ಕೂಡಿ ಬಂದವು.

ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಇದೇ ಕಣವನ್ನು ಹುಡುಕುತ್ತ ರೈನ್ಸ್ ಅವರ ತಂಡ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಕುಳಿತಿತ್ತು. ಅವರ ಉಪಕರಣ ಮೊದಲ ಗುರುತನ್ನು ಕಂಡದ್ದು 1965ರ ಫೆಬ್ರವರಿ 23ರಂದು, ಅಂದರೆ ಕೋಲಾರಕ್ಕಿಂತ ಮುಂಚೆ. ಆದರೆ ಅವರ ವರದಿ ಅಚ್ಚಾದದ್ದು ಆಗಸ್ಟ್ 30ರಂದು, ಕೋಲಾರದ ವರದಿ ಬಂದ ಹದಿನೈದು ದಿನಗಳ ಮೇಲೆ. ಯಾರು ಮೊದಲಿಗರು ಎಂದು ಜಗಳವಾಡುವ ಅಗತ್ಯವಿಲ್ಲ. ಎರಡು ಖಂಡಗಳಲ್ಲಿ ಬೇರೆ ಬೇರೆಯಾಗಿ ಹುಡುಕಿದವರು ಒಂದನ್ನೇ ಕಂಡರೆಂಬುದೇ ಆ ಸತ್ಯಕ್ಕೆ ಸಾಕ್ಷಿ.

ಇದಕ್ಕೆ ಹಣ ಕೊಟ್ಟವರು ಯಾರು? ಟಾಟಾ ಎಂಬ ಹೆಸರನ್ನು ಕಂಡು ಇದು ಶ್ರೀಮಂತರೊಬ್ಬರ ದಾನವೆಂದು ತಿಳಿಯಬಾರದು. ಟಾಟಾ ದತ್ತಿಯ ನೆರವಿನಿಂದ 1945ರಲ್ಲಿ ಆರಂಭವಾದರೂ ಆ ಸಂಸ್ಥೆಯನ್ನು ಮುಂದೆ ಸಾಕಿದ್ದು ಭಾರತ ಸರ್ಕಾರದ ಅಣುಶಕ್ತಿ ಇಲಾಖೆ. ಒಸಾಕಾ ವಿಶ್ವವಿದ್ಯಾಲಯವನ್ನು ನಡೆಸುತ್ತಿದ್ದುದು ಆ ನಗರದ ಪೌರಾಡಳಿತ. ಗಣಿಯೂ 1956ರಿಂದ ಸರ್ಕಾರದ ಕೈಯಲ್ಲಿತ್ತು. ಹಾಗೆಂದಾಗ, ಬೆಂಕಿಪೊಟ್ಟಣ ಕೊಂಡು ಅದರ ಮೇಲಿನ ತೆರಿಗೆ ತೆತ್ತ ಮುಳಬಾಗಿಲಿನ ಕೂಲಿಕಾರನಿಗೂ ಒಸಾಕಾದ ಅಂಗಡಿಕಾರನಿಗೂ ಈ ಜ್ಞಾನದಲ್ಲಿ ಒಂದು ಪಾಲಿದೆ. ಇಬ್ಬರಿಗೂ ಅದು ಗೊತ್ತಿರಲಿಲ್ಲ, ಅಷ್ಟೆ.

ಇನ್ನು ಆ ಹಿರಿಯರು ಇಳಿಸಿದ ಕಬ್ಬಿಣದ ವಿಚಾರ. ನಮ್ಮ ಶರೀರವೂ ಬಂಡೆಯೂ ನಕ್ಷತ್ರವೂ ಪ್ರೋಟಾನ್ ಎಂಬ ಕಣಗಳಿಂದಾದವು. ಅದು ಶಾಶ್ವತವೇ, ಅಥವಾ ಅದಕ್ಕೂ ಒಂದು ದಿನ ಅಳಿವಿದೆಯೇ? 1970ರ ದಶಕದಲ್ಲಿ ಕೆಲವು ಸಿದ್ಧಾಂತಗಳು ಅಳಿವಿದೆ ಎಂದು ಹೇಳಿದವು. ಅದನ್ನು ಪರೀಕ್ಷಿಸಲು ಟಾಟಾ ಸಂಸ್ಥೆ ಮತ್ತು ಒಸಾಕಾದವರು ಸೇರಿ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ಕಬ್ಬಿಣವನ್ನು ಪದರ ಪದರವಾಗಿ ಜೋಡಿಸಿ, ನಡುವೆ ಕಣಗಳನ್ನು ಎಣಿಸುವ ಕೊಳವೆಗಳನ್ನಿಟ್ಟು 1980ರ ಕೊನೆಯಲ್ಲಿ ಕಾವಲು ಆರಂಭಿಸಿದರು. ಈ ಉದ್ದೇಶಕ್ಕೆಂದೇ ಕಟ್ಟಿದ ಉಪಕರಣಗಳಲ್ಲಿ ಜಗತ್ತಿನಲ್ಲಿ ಮೊದಲು ಕೆಲಸಕ್ಕೆ ನಿಂತದ್ದು ಇದೇ. ಪ್ರೋಟಾನ್ ಅಳಿದಿರಬಹುದೆಂಬಂತೆ ತೋರಿದ ಕೆಲವು ಗುರುತುಗಳನ್ನು ಅವರು ಪ್ರಕಟಿಸಿದರು. ಲೋಕವೆಲ್ಲ ಕಿವಿ ನಿಮಿರಿಸಿತು. ಆದರೆ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಸಾವಿರಾರು ಟನ್ ನೀರಿನ ತೊಟ್ಟಿಗಳನ್ನಿಟ್ಟು ನೋಡಿದವರಿಗೆ ಅಂತಹದು ಕಾಣಲಿಲ್ಲ. ಪ್ರೋಟಾನಿನ ಅಳಿವು ಈವರೆಗೆ ಎಲ್ಲಿಯೂ ಸಿದ್ಧವಾಗಿಲ್ಲ. ಹಾಗಾದರೆ ಹಣ ವ್ಯರ್ಥವಾಯಿತೇ? ಒಬ್ಬರ ಮಾತನ್ನು ಇನ್ನೊಬ್ಬರು ಪರೀಕ್ಷಿಸಲೆಂದೇ ಅದನ್ನು ಎಲ್ಲರ ಮುಂದೆ ತೆರೆದಿಡುತ್ತಾರೆ. ತಾನು ಕಂಡದ್ದನ್ನು ಮುಚ್ಚಿಡದೆ ಪರರ ಪರೀಕ್ಷೆಗೆ ಒಪ್ಪಿಸುವ ಈ ವಿನಯ ನಮ್ಮ ಸಾರ್ವಜನಿಕ ಜೀವನದ ಬೇರೆ ಯಾವ ರಂಗದಲ್ಲಿ ಇಷ್ಟು ನಿಯಮಬದ್ಧವಾಗಿದೆ?

ಆಮೇಲೆ ನಡೆದದ್ದು ದುಃಖದ ಕಥೆ. ಚಿನ್ನದ ಆದಾಯ ಕುಸಿದು ಆಳದ ಮಟ್ಟಗಳು ಮುಚ್ಚುತ್ತ ಬಂದಂತೆ 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳು ಮುಳುಗಿದವು. ಸಾವಿರಾರು ಕುಟುಂಬಗಳ ಅನ್ನ ಹೋದ ಆ ದಿನಗಳಲ್ಲಿ ಪ್ರಯೋಗಶಾಲೆಗಾಗಿ ಯಾರು ಕಣ್ಣೀರಿಟ್ಟಾರು?

ಜಪಾನಿನ ಕಾಮಿಯೋಕ ಗಣಿಯಲ್ಲಿಯೂ ಅದಿರು ತೆಗೆಯುವುದು 2001ರಲ್ಲಿಯೇ ನಿಂತಿತು. ಆದರೆ ಅಲ್ಲಿಯ ಪ್ರಯೋಗಶಾಲೆ ನಿಲ್ಲಲಿಲ್ಲ. ಬೆಟ್ಟದೊಳಕ್ಕೆ ನೇರವಾಗಿ ನಡೆದುಹೋಗುವ ಸುರಂಗ ಅದು. ನಮ್ಮಂತೆ ಪಾತಾಳಕ್ಕಿಳಿದು ನೀರನ್ನು ಎತ್ತುತ್ತಲೇ ಇರಬೇಕಾದದ್ದಲ್ಲ. ಪ್ರೋಟಾನಿನ ಅಳಿವನ್ನು ಹುಡುಕಲು ಅಲ್ಲಿ ಕಟ್ಟಿದ ತೊಟ್ಟಿಯೇ 1987ರಲ್ಲಿ ದೂರದ ನಕ್ಷತ್ರವೊಂದರ ಸ್ಫೋಟದಿಂದ ಹೊರಟ ನ್ಯೂಟ್ರಿನೊಗಳನ್ನು ಹಿಡಿಯಿತು. ಅದರ ನಂತರದ ದೊಡ್ಡ ತೊಟ್ಟಿ 1998ರಲ್ಲಿ, ವಾಯುಮಂಡಲದ ನ್ಯೂಟ್ರಿನೊಗಳು ದಾರಿಯಲ್ಲಿ ರೂಪ ಬದಲಿಸುತ್ತವೆಂದು ತೋರಿಸಿತು. 2002ರಲ್ಲಿ ಕೊಶಿಬ ಅವರಿಗೂ 2015ರಲ್ಲಿ ಕಜಿತ ಅವರಿಗೂ ನೊಬೆಲ್ ಪುರಸ್ಕಾರ ಬಂದಿತು. ಕಜಿತ ಅವರು ಅಧ್ಯಯನ ಮಾಡಿದ ಆ ವಾಯುಮಂಡಲದ ನ್ಯೂಟ್ರಿನೊವನ್ನು ಮೊದಲು ಕಂಡ ಎರಡು ಸ್ಥಳಗಳಲ್ಲಿ ನಮ್ಮ ಚಾಂಪಿಯನ್ ರೀಫ್ ಒಂದು ಎಂಬುದನ್ನು ನಾವು ಮರೆಯುವಂತಿಲ್ಲ.

ಭಾರತದಲ್ಲಿ ಈ ಪರಂಪರೆಯನ್ನು ಮುಂದುವರಿಸಲೆಂದು ತಮಿಳುನಾಡಿನ ಥೇಣಿ ಜಿಲ್ಲೆಯ ಬೆಟ್ಟದಲ್ಲಿ ನ್ಯೂಟ್ರಿನೊ ವೀಕ್ಷಣಾಲಯವನ್ನು ಕಟ್ಟುವ ಯೋಜನೆಗೆ 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗಳ ಒಪ್ಪಿಗೆ ನೀಡಿತು. ಅದು ಜನರ ವಿರೋಧದಲ್ಲಿಯೂ ನ್ಯಾಯಾಲಯದ ವ್ಯಾಜ್ಯಗಳಲ್ಲಿಯೂ ಸಿಲುಕಿತು. ಬೆಟ್ಟಕ್ಕೆ, ನೀರಿಗೆ, ಕಾಡಿಗೆ ಏನಾದೀತೋ ಎಂಬ ಅಲ್ಲಿನ ರೈತರ ಭಯವನ್ನು ಅಜ್ಞಾನವೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ನೀರಿನ ಭಯ ಎಂತಹದೆಂದು ಕೋಲಾರದವರಿಗೆ ಗೊತ್ತು. ಆದರೆ ನಮ್ಮ ಗಣಿಯಲ್ಲಿ ಮೂವತ್ತು ವರ್ಷ ನಡೆದದ್ದನ್ನು ಇಲ್ಲಿಯ ಜನರೇ ಅರಿತಿದ್ದರೆ, ನೆರೆಯವರಿಗೆ ಹೋಗಿ ಸಾಕ್ಷಿ ಹೇಳಬಹುದಾಗಿತ್ತಲ್ಲವೇ? ಅಣುವಿದ್ಯುತ್ ಸ್ಥಾವರಕ್ಕೂ, ಆಕಾಶದಿಂದ ತಾನಾಗಿ ಬರುವ ಕಣವನ್ನು ನೋಡುವ ಕಣ್ಣಿಗೂ ಇರುವ ಭೇದವನ್ನು ಗಣಿ ಕಾರ್ಮಿಕನಿಗಿಂತ ಸರಳವಾಗಿ ಯಾರು ವಿವರಿಸಿಯಾರು? ಸಾರ್ವಜನಿಕರ ಹಣದಿಂದ ನಡೆಯುವ ಸಂಶೋಧನೆಗೆ ಸಾರ್ವಜನಿಕರ ತಿಳಿವಳಿಕೆಯೇ ಕೊನೆಯ ಕಾವಲು. ಅದಿಲ್ಲದ ಕಡೆ ಹಣವೂ ಒಪ್ಪಂದವೂ ಬಹುಕಾಲ ನಿಲ್ಲಲಾರವು.

ಕೋಲಾರದ ಗಣಿ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟಿತೆಂದು ಹೇಳುತ್ತಾರೆ. ಅದು ಯಾರ ಯಾರ ತಿಜೋರಿ ಸೇರಿತೋ, ತೆಗೆದವರ ಮನೆಯಲ್ಲಿ ಉಳಿದದ್ದು ಬಹಳ ಕಡಿಮೆ. ಆ ಕತ್ತಲಲ್ಲಿ ದೊರೆತ ಅರಿವಾದರೋ ಇಂದಿಗೂ ಯಾವ ವಿದ್ಯಾರ್ಥಿಗಾದರೂ ಉಚಿತವಾಗಿ ದೊರೆಯುತ್ತದೆ. ಅದನ್ನು ನಮ್ಮ ಮಕ್ಕಳಿಗೆ ಕೊಡಿಸಬೇಕಾದವರು ನಾವು. ಈ ನಾಲ್ಕು ತಾಲ್ಲೂಕುಗಳ ಶಾಲೆಗಳ ಅಧ್ಯಾಪಕರು ವರ್ಷದಲ್ಲಿ ಒಂದು ತರಗತಿಯನ್ನು ಇದಕ್ಕಾಗಿ ಮೀಸಲಿಡಲಿ. ಗಣಿಯಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ತರಗತಿಗೆ ಅವರನ್ನು ಕರೆಯಿಸಿ ಮುಂದಿನ ಸಾಲಿನಲ್ಲಿ ಕೂರಿಸಲಿ.

ಶಿಬಿರದಲ್ಲಿ ಮಾತನಾಡಿದ ಆ ಹಿರಿಯರ ಮನೆಗೆ ನಾವು ಮತ್ತೊಮ್ಮೆ ಹೋಗಿ, ಓದಿದ್ದನ್ನೆಲ್ಲ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಹಾಗಾದರೆ ಆ ತಟ್ಟೆಗಳು ಇನ್ನೂ ಅಲ್ಲೇ ಇವೆಯೇ, ಸ್ವಾಮೀ?” ಎಂದು ಕೇಳಿದರು. ನೀರಿನಲ್ಲಿ ಮುಳುಗಿದ ಆ ಆಳದ ಕಡೆಗೆ ನಾವಿಬ್ಬರೂ ಮನಸ್ಸಿನಲ್ಲಿಯೇ ಒಮ್ಮೆ ಇಳಿದು ಬಂದೆವು. ಅಷ್ಟರಲ್ಲಿ ಶಾಲೆಯಿಂದ ಬಂದ ಮೊಮ್ಮಗಳನ್ನು ಹತ್ತಿರ ಕರೆದು, “ಕೂತುಕೋ, ನಿನ್ನ ತಾತ ಏನು ಕೆಲಸ ಮಾಡಿದ್ದಾನೆ ಗೊತ್ತಾ?” ಎಂದು ಅವರು ಹೇಳತೊಡಗಿದರು.