ಕಾದಂಬರಿಯ ಓದಿನ ಮೂಲಕ ಪ್ರೌಢ ಪದಸಂಪತ್ತು: ‘ಕರ್ವಾಲೊ’ ಆಧರಿಸಿದ ಒಂದು ಬೋಧನಾ ಕ್ರಮ

ಬೋಧನಾಭ್ಯಾಸದ ಅವಧಿಯಲ್ಲಿ ನಡೆಯುವ ಕನ್ನಡ ಪಾಠಗಳಲ್ಲಿ ‘ಕಠಿಣ ಪದಗಳ ಅರ್ಥ’ ಎಂಬ ಹಂತ ತಪ್ಪದೆ ಬರುತ್ತದೆ. ಕಪ್ಪುಹಲಗೆಯ ಎಡಕ್ಕೆ ಪದ, ಬಲಕ್ಕೆ ಅರ್ಥ, ನಡುವೆ ಸಮಚಿಹ್ನೆ. ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ, ಮರುದಿನ ಕೇಳಿದರೆ ಒಪ್ಪಿಸುತ್ತಾರೆ. ಆದರೆ ಅದೇ ಪದ ವಿಜ್ಞಾನದ ಪಾಠದಲ್ಲೋ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲೋ ಎದುರಾದಾಗ ಗುರುತು ಸಿಗದೆ ನಿಲ್ಲುತ್ತಾರೆ. ಪ್ರೌಢಶಾಲೆಗೆ ಬಂದ ಮೇಲೆ ಪಠ್ಯಗಳ ಕನ್ನಡ ಮನೆಯ ಕನ್ನಡದಿಂದ ದೂರ ಸರಿಯುತ್ತದೆ. ‘ಅವಲೋಕನ’, ‘ವಿಕಾಸ’, ‘ಪರಿಣಾಮ’, ‘ಸಾಕ್ಷ್ಯ’ ಇಂಥ ಪದಗಳನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ವಿಷಯ ತಿಳಿದಿದ್ದರೂ ಪ್ರಶ್ನೆಯೇ ಅರ್ಥವಾಗದ ಮಗುವಿಗೆ ಅಂಕ ಸಿಗುವುದಿಲ್ಲ. ತಾನು ದಡ್ಡ ಎಂಬ ನಂಬಿಕೆ ಮಾತ್ರ ಸಿಗುತ್ತದೆ. ಆದ್ದರಿಂದ ಪದಸಂಪತ್ತನ್ನು ಕನ್ನಡ ಅವಧಿಯ ಐದು ನಿಮಿಷದ ಶಾಸ್ತ್ರವಾಗಿ ಮುಗಿಸುವಂತಿಲ್ಲ. ಒಂದು ಕಾದಂಬರಿಯನ್ನು ಆಧಾರವಾಗಿಟ್ಟುಕೊಂಡು ಈ ಕೆಲಸ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಓದಿನಿಂದ ಪದ ಹೇಗೆ ದಕ್ಕುತ್ತದೆ?

1978ರಲ್ಲಿ ಸರಾಗಿ, ನೇಷನ್ ಮತ್ತು ಮೈಸ್ಟರ್ ಎಂಬ ಸಂಶೋಧಕರು ಒಂದು ಪ್ರಯೋಗ ನಡೆಸಿದರು. ಆಂಟನಿ ಬರ್ಜೆಸ್‌ನ ‘ಎ ಕ್ಲಾಕ್‌ವರ್ಕ್ ಆರೆಂಜ್’ ಕಾದಂಬರಿಯ ಹುಡುಗರು ರಷ್ಯನ್ ಮೂಲದ ವಿಚಿತ್ರ ಪದಗಳನ್ನು ಬೆರೆಸಿ ಮಾತಾಡುತ್ತಾರೆ. ಪದಾರ್ಥಗಳ ಪಟ್ಟಿಯಿಲ್ಲದ ಪ್ರತಿಯನ್ನು ವಯಸ್ಕ ಓದುಗರಿಗೆ ಕೊಟ್ಟು, ಪದಗಳ ಪರೀಕ್ಷೆ ಇದೆಯೆಂದು ತಿಳಿಸದೆ, ಓದಿದ ನಂತರ 90 ಪದಗಳ ಅರ್ಥ ಕೇಳಿದರು. ಓದುಗರು ಸರಾಸರಿ ನಾಲ್ಕರಲ್ಲಿ ಮೂರರಷ್ಟು ಪದಗಳನ್ನು ಸರಿಯಾಗಿ ಗುರುತಿಸಿದರು. ಯಾರೂ ಅರ್ಥ ಹೇಳಿಕೊಟ್ಟಿರಲಿಲ್ಲ. ಅವೇ ಪದಗಳು ಬೇರೆ ಬೇರೆ ಸನ್ನಿವೇಶಗಳಲ್ಲಿ ಮರಳಿ ಮರಳಿ ಬಂದಿದ್ದವು.

ಇದನ್ನು ಓದಿ ‘ಹಾಗಾದರೆ ಪುಸ್ತಕ ಕೊಟ್ಟರೆ ಸಾಕು’ ಎಂದುಕೊಳ್ಳಬಾರದು. 1999ರಲ್ಲಿ ಸ್ವಾನ್‌ಬಾರ್ನ್ ಮತ್ತು ಡಿ ಗ್ಲಾಪರ್ 20 ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ಪರಿಶೀಲಿಸಿದಾಗ, ಸಹಜ ಓದಿನಲ್ಲಿ ಎದುರಾದ 100 ಅಪರಿಚಿತ ಪದಗಳಲ್ಲಿ ಸುಮಾರು 15 ಮಾತ್ರ ಕಲಿಕೆಗೆ ದಕ್ಕುತ್ತವೆ ಎಂದು ಕಂಡಿತು. ಎರಡನ್ನೂ ಸೇರಿಸಿ ನೋಡಿದರೆ ಶಿಕ್ಷಕರ ಪಾತ್ರ ಸ್ಪಷ್ಟವಾಗುತ್ತದೆ. ಕಾದಂಬರಿ ಸನ್ನಿವೇಶವನ್ನು ಒದಗಿಸುತ್ತದೆ. ಆಯ್ದ ಕೆಲವು ಪದಗಳು ಮಕ್ಕಳಿಗೆ ಮತ್ತೆ ಮತ್ತೆ ಎದುರಾಗುವಂತೆ ನೋಡಿಕೊಳ್ಳುವುದು ಶಿಕ್ಷಕರ ಕೆಲಸ.

‘ಕರ್ವಾಲೊ’ ಏಕೆ?

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾಯಿತು. ಇದು ಹದಿಹರೆಯದವರಿಗೆಂದೇ ಬರೆದ ಕೃತಿಯಲ್ಲ. ಆದರೂ ಕಾಡು, ಜೇನು, ಕಿವಿ ಎಂಬ ನಾಯಿ, ಹಾರುವ ಓತಿಯ ಹುಡುಕಾಟ ಇವೆಲ್ಲ ಒಂಬತ್ತನೆಯ ತರಗತಿಯ ಮಕ್ಕಳನ್ನು ಹಿಡಿದು ಕೂರಿಸುತ್ತವೆ.

ನಮ್ಮ ಉದ್ದೇಶಕ್ಕೆ ಇನ್ನೂ ಮುಖ್ಯವಾದ ಕಾರಣ ಪಾತ್ರಗಳಲ್ಲಿದೆ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನಿಗೆ ಕಾಡಿನ ಜೀವಿಗಳ ಬಗ್ಗೆ ಅಪಾರ ತಿಳಿವಳಿಕೆ ಇದೆ. ವಿಜ್ಞಾನಿ ಕರ್ವಾಲೊ ಅದನ್ನು ಗುರುತಿಸಿ ಗೌರವಿಸುತ್ತಾರೆ. ಹೀಗೆ ಆಡುಮಾತಿನ ಪದವೂ ಶಾಸ್ತ್ರದ ಪದವೂ ಒಂದೇ ಕಥೆಯೊಳಗೆ ಅಕ್ಕಪಕ್ಕ ಬರುತ್ತವೆ. ಪ್ರೌಢ ಪದ ಕಲಿಯಲು ತನ್ನ ಮನೆಯ ಮಾತನ್ನು ಬಿಡಬೇಕಿಲ್ಲ ಎಂಬುದು ಮಗುವಿಗೆ ಬೋಧನೆಯಿಲ್ಲದೆಯೇ ತಿಳಿಯುತ್ತದೆ.

ಪದಗಳ ಆಯ್ಕೆ

ಪಾಠಯೋಜನೆ ಬರೆಯುವ ಮೊದಲು ಓದಬೇಕಾದ ಭಾಗದಲ್ಲಿನ ಪದಗಳನ್ನು ಮೂರು ಗುಂಪು ಮಾಡಿಕೊಳ್ಳಿ. ಇಸಬೆಲ್ ಬೆಕ್ ಮತ್ತು ಸಂಗಡಿಗರು ಇಂಗ್ಲಿಷ್ ಬೋಧನೆಗಾಗಿ ರೂಪಿಸಿದ ಮೂರು ಸ್ತರಗಳ ವಿಂಗಡಣೆಯಿಂದ ಪ್ರೇರಿತವಾದ, ಕನ್ನಡಕ್ಕೆ ಹೊಂದಿಸಿಕೊಂಡ ಕ್ರಮವಿದು.

1. ವಸ್ತು, ಜೀವಿಗಳ ಹೆಸರುಗಳು: ಓತಿಕ್ಯಾತ, ಗೋಸುಂಬೆ, ಹಲ್ಲಿ. ಇವನ್ನು ಮಕ್ಕಳೇ ವಿವರಿಸಲಿ. ಮೂರಕ್ಕೂ ಇರುವ ವ್ಯತ್ಯಾಸವನ್ನು ಹಳ್ಳಿಯ ಮಗು ಶಿಕ್ಷಕರಿಗಿಂತ ಚೆನ್ನಾಗಿ ಹೇಳಬಹುದು.

2. ಎಲ್ಲ ವಿಷಯಗಳಲ್ಲೂ ಸಂಚರಿಸುವ ಪದಗಳು: ಅವಲೋಕನ, ಊಹೆ, ಸಾಕ್ಷ್ಯ, ಕುತೂಹಲ, ಅಳಿವು. ನಮ್ಮ ಹೆಚ್ಚಿನ ಸಮಯ ಇವಕ್ಕೇ ಮೀಸಲು.

3. ಒಂದು ಶಾಸ್ತ್ರಕ್ಕೆ ಸೇರಿದ ಪದಗಳು: ಕೀಟಶಾಸ್ತ್ರ, ಜೀವವಿಕಾಸ. ವಿಜ್ಞಾನ ಶಿಕ್ಷಕರ ಜೊತೆ ಮಾತಾಡಿ, ಅವರ ಪಾಠದಲ್ಲಿ ಬರುವ ಅರ್ಥವನ್ನೇ ಬಳಸಿ.

ಒಂದು ವಾರಕ್ಕೆ ಎರಡನೆಯ ಗುಂಪಿನಿಂದ ಐದು, ಮೂರನೆಯದರಿಂದ ಒಂದು ಪದ ಸಾಕು. ಪುಟದಲ್ಲಿನ ಪ್ರತಿ ಹೊಸ ಪದಕ್ಕೂ ಓದು ನಿಲ್ಲಿಸಿದರೆ ಕಥೆ ಸಾಯುತ್ತದೆ. ಕಥೆ ಹೋದರೆ ಪದಕ್ಕೆ ಇದ್ದ ಆಸರೆಯೂ ಹೋಗುತ್ತದೆ. ಆಯ್ಕೆಯಾಗದ ಪದವನ್ನು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಅರ್ಥ ಹೇಳಿ ಮುಂದೆ ಸಾಗಿ. ಆಯ್ದ ಪದಗಳು ಕಾದಂಬರಿಯ ಆ ಭಾಗದಲ್ಲೇ ಅಕ್ಷರಶಃ ಇರಬೇಕೆಂದಿಲ್ಲ. ಅಲ್ಲಿ ನಡೆಯುವುದನ್ನು ಹೇಳಲು ಬೇಕಾಗುವ ಪದವಾದರೂ ಆದೀತು.

ತರಗತಿಯಲ್ಲಿ

ಶಾಲೆಯ ಗ್ರಂಥಾಲಯದಲ್ಲಿ ಹೆಚ್ಚೆಂದರೆ ಒಂದೆರಡು ಪ್ರತಿ ಇರುತ್ತವೆ. ಆದ್ದರಿಂದ ಗಟ್ಟಿಯಾಗಿ ಓದಿ ಹೇಳುವುದೇ ಅನುಕೂಲ. 40 ನಿಮಿಷದ ಅವಧಿಯಲ್ಲಿ ಮೊದಲ 20 ನಿಮಿಷ ಓದು, 15 ನಿಮಿಷ ಪದಗಳ ಕೆಲಸ, ಕೊನೆಗೆ 5 ನಿಮಿಷ ಬರವಣಿಗೆ. ಓದುವ ಮೊದಲೇ ಅರ್ಥ ಬರೆಯಬೇಡಿ.

‘ಅವಲೋಕನ’ ಪದವನ್ನೇ ನೋಡೋಣ. ಮಂದಣ್ಣ ಜೇನನ್ನು ನೋಡುವ ರೀತಿಗೂ ನಾವು ನೋಡುವ ರೀತಿಗೂ ಏನು ವ್ಯತ್ಯಾಸ ಎಂದು ಕೇಳಿ. ಉತ್ತರಗಳು ಬಂದ ಮೇಲೆ ಮೂರು ವಾಕ್ಯಗಳನ್ನು ಮುಂದಿಡಿ: ಬಸ್ಸು ಬಂತೇ ಎಂದು ನೋಡುತ್ತೇವೆ. ಚಾಲಕ ಹೊಸಬ ಎಂಬುದನ್ನು ಗಮನಿಸುತ್ತೇವೆ. ಒಂದು ತಿಂಗಳು ಬಸ್ಸು ಬಂದ ವೇಳೆಯನ್ನೆಲ್ಲ ಬರೆದಿಟ್ಟು, ಯಾವ ದಿನ ತಡವಾಗುತ್ತದೆ ಎಂದು ಕಂಡುಕೊಂಡರೆ ಅದು ಅವಲೋಕನ. ನೋಡು, ಗಮನಿಸು, ಅವಲೋಕಿಸು ಈ ಮೂರರ ನಡುವಿನ ಅಂತರ ಮಗುವಿಗೆ ತಿಳಿದಾಗ ಪದ ಅದರದಾಗುತ್ತದೆ.

‘ವಿಕಾಸ’ಕ್ಕೆ ಹೆಚ್ಚಿನ ಎಚ್ಚರ ಬೇಕು. ‘ವಿಕಾಸ = ಬೆಳವಣಿಗೆ’ ಎಂದು ಬರೆದುಕೊಂಡ ಮಗು ‘ನಮ್ಮ ಮನೆಯ ತೆಂಗಿನ ಗಿಡ ವಿಕಾಸವಾಯಿತು’ ಎಂದು ಬರೆದರೆ ತಪ್ಪು ಮಗುವಿನದಲ್ಲ, ಸಮಚಿಹ್ನೆಯದು. ಒಂದು ಓತಿ ಬೆಳೆಯುತ್ತದೆ. ತಲೆಮಾರುಗಳ ಉದ್ದಕ್ಕೂ ಓತಿಯ ಕುಲ ವಿಕಾಸ ಹೊಂದುತ್ತದೆ. ಬೆಳವಣಿಗೆ ಒಂದು ಜೀವಿಯ ಬದುಕಿನೊಳಗೆ ನಡೆಯುವುದು, ಜೀವವಿಕಾಸಕ್ಕೆ ಅಸಂಖ್ಯ ಬದುಕುಗಳು ಬೇಕು.

ಪದದ ನಿಖರತೆಯನ್ನು ಕಲಿಸಲು ‘ಹಾರುವ ಓತಿ’ ಎಂಬ ಹೆಸರೇ ಒಳ್ಳೆಯ ಸಾಮಗ್ರಿ. ಪಶ್ಚಿಮಘಟ್ಟದಲ್ಲಿ ಇಂದಿಗೂ ಇರುವ ಈ ಜೀವಿ ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ನೀಳವಾದ ಪಕ್ಕೆಲುಬುಗಳ ಮೇಲಿನ ಚರ್ಮದ ಪೊರೆಯನ್ನು ಬಿಚ್ಚಿ ಎತ್ತರದ ಮರದಿಂದ ತಗ್ಗಿನ ಮರಕ್ಕೆ ಸಾಗುತ್ತದೆ. ಇದಕ್ಕೆ ‘ಹಾರು’ ಸರಿಯೇ, ‘ತೇಲು’ ಸರಿಯೇ, ‘ಜಾರು’ ಸರಿಯೇ ಎಂದು ಗುಂಪುಗಳಲ್ಲಿ ವಾದ ನಡೆಯಲಿ. ಪರಿಚಿತ ಪದಗಳನ್ನೇ ತೂಗಿ ನೋಡುವ ಅಭ್ಯಾಸ ಅಪರಿಚಿತ ಪದಗಳಿಗೂ ದಾರಿ ಮಾಡುತ್ತದೆ.

ಸನ್ನಿವೇಶದಿಂದ ಊಹಿಸಲು ಆಗದ ಪದಗಳೂ ಇರುತ್ತವೆ. ಎರಡು ಪ್ರಯತ್ನದ ನಂತರವೂ ಸುಳಿವು ಸಿಗದಿದ್ದರೆ ಅರ್ಥವನ್ನು ನೇರವಾಗಿ ಹೇಳಿಬಿಡಿ. ನಿಘಂಟನ್ನು ಊಹೆಯ ನಂತರ ತೆರೆಸಿ. ಆಗ ಮಗು ತನ್ನ ಊಹೆಯನ್ನು ಪರೀಕ್ಷಿಸಲು ಅದನ್ನು ನೋಡುತ್ತದೆ.

ಪದಕುಟುಂಬ

ಒಂದು ಪದ ಬಂದಾಗ ಅದರ ಬಳಗವನ್ನೂ ಪರಿಚಯಿಸಬೇಕು. ವಿಕಾಸದ ಜೊತೆ ವಿಕಸನ, ವಿಕಸಿತ, ವಿಕಾಸವಾದ. ಅವಲೋಕನದ ಜೊತೆ ಅವಲೋಕಿಸು, ಸಿಂಹಾವಲೋಕನ. ಸಂಸ್ಕೃತ ಮೂಲದ ಪದಗಳು ಮಾತ್ರ ಪ್ರೌಢ ಎಂಬ ತಪ್ಪು ಕಲ್ಪನೆಯನ್ನೂ ಇಲ್ಲೇ ಬಿಡಿಸಬಹುದು. ‘ಅಳಿ’ ಎಂಬ ಧಾತುವಿನಿಂದ ಅಳಿವು, ಅಳಿಸು, ಅಳಿವಿನಂಚು. ‘ಉಳಿ’ಯಿಂದ ಉಳಿವು, ಉಳಿಕೆ, ಉಳಿತಾಯ. ‘ಅಳಿವು ಉಳಿವು’ ಎಂಬ ಜೋಡಿ ಪರಿಸರದ ಪಾಠಕ್ಕೂ ಬರುತ್ತದೆ, ಇತಿಹಾಸಕ್ಕೂ ಬರುತ್ತದೆ.

ಮೌಲ್ಯಮಾಪನ

ಆರಂಭದಲ್ಲಿ ಹನ್ನೆರಡು ಪದಗಳ ಪಟ್ಟಿ ಕೊಟ್ಟು ಪ್ರತಿಯೊಂದರ ಮುಂದೆ ‘ಕೇಳಿಲ್ಲ’, ‘ಕೇಳಿದ್ದೇನೆ’, ‘ಅರ್ಥ ಹೇಳಬಲ್ಲೆ’, ‘ಬಳಸಬಲ್ಲೆ’ ಇವುಗಳಲ್ಲಿ ಒಂದನ್ನು ಗುರುತಿಸಲು ಹೇಳಿ. ಓದು ಮುಗಿದು ಎರಡು ವಾರವಾದ ಮೇಲೆ ಅದೇ ಪಟ್ಟಿಯನ್ನು ಮತ್ತೆ ಕೊಡಿ. ಜೊತೆಗೆ ಕಾದಂಬರಿಗೆ ಸಂಬಂಧಿಸದ ಬರವಣಿಗೆಯೊಂದನ್ನು ಕೇಳಿ: ಮನೆಯ ಹಿತ್ತಲಲ್ಲೋ ಬೀದಿಯಲ್ಲೋ ಕಾಣುವ ಒಂದು ಜೀವಿಯ ಬಗ್ಗೆ ಹತ್ತು ವಾಕ್ಯ, ಆಯ್ದ ಪದಗಳಲ್ಲಿ ಮೂರನ್ನು ಬಳಸಿ. ಪದವನ್ನು ಬಳಸುವ ಮೊದಲ ಯತ್ನ ತಪ್ಪಾಗಿರುವುದು ಸಹಜ. ಅದಕ್ಕೆ ಅಂಕ ಕಳೆಯುವ ಬದಲು ವಾಕ್ಯವನ್ನು ತಿದ್ದಿ ಹಿಂದಿರುಗಿಸಿ, ಮತ್ತೊಮ್ಮೆ ಬರೆಸಿ.

ಪಾಠ ಅವಲೋಕಿಸುವ ಮಾರ್ಗದರ್ಶಕರಲ್ಲಿಯೂ ಒಂದು ಕೋರಿಕೆ. ಅವಲೋಕನಾ ಹಾಳೆಯಲ್ಲಿ ‘ಕಠಿಣ ಪದಗಳ ಅರ್ಥ ಬರೆಯಲಾಗಿದೆಯೇ?’ ಎಂದು ನೋಡುವ ಜಾಗದಲ್ಲಿ ‘ಹೊಸ ಪದವನ್ನು ಎಷ್ಟು ಮಕ್ಕಳು ತಮ್ಮ ಬಾಯಿಂದ ಆಡಿದರು?’ ಎಂದು ಎಣಿಸಿ ನೋಡಿ. ಪ್ರಶಿಕ್ಷಣಾರ್ಥಿಯೊಂದಿಗಿನ ಚರ್ಚೆಯನ್ನು ಆ ಸಂಖ್ಯೆಯಿಂದಲೇ ಆರಂಭಿಸಬಹುದು.