ಬಾಟಲಿಯಲ್ಲಿ ಚಿಗುರುವ ಆಲೂಗಡ್ಡೆ

ಬೊಮ್ಮಸಂದ್ರದಲ್ಲಿ ಹೊಸೂರು ರಸ್ತೆಯ ಲಾರಿಗಳೆಬ್ಬಿಸಿದ ಧೂಳು ಆರುವುದೇ ಇಲ್ಲ. ಆ ಧೂಳಿನ ನಡುವೆಯೇ ಬಯೋಕಾನ್ ಕಂಪನಿಯವರು ಯೀಸ್ಟ್ ಬೆಳೆಸಿ ಇನ್ಸುಲಿನ್ ತೆಗೆಯುತ್ತಾರೆ. ಶೋಧಿಸಿದ ಗಾಳಿಯ ಕೋಣೆ ಇಲ್ಲಿನವರಿಗೆ ಹೊಸದಲ್ಲ. ಆಲೂಗಡ್ಡೆಯ ಬಿತ್ತನೆಗೂ ಅಂಥದೇ ಮಡಿ ಬೇಕೆಂದರೆ ಮಾತ್ರ ಹಲವರು ಹುಬ್ಬೇರಿಸುತ್ತಾರೆ.

ಆ ಬಿತ್ತನೆಯ ಸಸಿ ಬೆಳೆಸುವ ಅಂಗಾಂಶ ಕೃಷಿಯ ಪ್ರಯೋಗಾಲಯಕ್ಕೆ ಚಪ್ಪಲಿ ಹೊರಗೆ ಬಿಟ್ಟು, ಟೋಪಿ, ಮಾಸ್ಕ್ ಹಾಕಿ, ಕೈಗೆ ಸ್ಪಿರಿಟ್ ಸವರಿಕೊಂಡೇ ಹೋಗಬೇಕು. ಲ್ಯಾಮಿನಾರ್ ಪೆಟ್ಟಿಗೆಯ ಮುಂದೆ ಕೂತ ಹೆಣ್ಣುಮಗಳ ಮುಖಕ್ಕೆ ಶುದ್ಧ ಗಾಳಿ ಬೀಸುತ್ತಲೇ ಇರುತ್ತದೆ. ಚಿಮಟವನ್ನು ಜ್ವಾಲೆಗೆ ಹಿಡಿದು, ಆರಿಸಿ, ಬಾಟಲಿಯಿಂದ ಸಸಿ ಎತ್ತುತ್ತಾಳೆ. ಹೊಲಿಗೆ ದಾರದಂಥ ಕಾಂಡ, ಕಣ್ಣಿಗೆ ಕಂಡೂ ಕಾಣದ ಎಲೆ. ತುಂಡಿಗೊಂದು ಗಿಣ್ಣು ಉಳಿಯುವಂತೆ ಕತ್ತರಿಸಿ, ಹೊಸ ಬಾಟಲಿಯ ಅಗರ್ ಜೆಲ್ಲಿಯಲ್ಲಿ ಊರುತ್ತಾಳೆ. ಮೂರ‍್ನಾಲ್ಕು ವಾರದಲ್ಲಿ ಒಂದೊಂದು ತುಂಡೂ ಹಲವು ಗಿಣ್ಣಿನ ಸಸಿಯಾಗುತ್ತದೆ, ಮತ್ತೆ ಕತ್ತರಿ. ಪಕ್ಕದ ಕೋಣೆಯ ರ‍್ಯಾಕುಗಳಲ್ಲಿ ಬಾಟಲಿಗಳಿಗೆ ದಿನಕ್ಕೆ 16 ಗಂಟೆ ದೀಪದ ಬೆಳಕು, 8 ಗಂಟೆ ಕತ್ತಲು.

ಬಾಟಲಿಯೊಳಗಿನ ಆಹಾರ 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ರೂಪಿಸಿದ್ದು: ಲವಣ, ವಿಟಮಿನ್, ಲೀಟರಿಗೆ 30 ಗ್ರಾಂ ಸಕ್ಕರೆ. 121 ಡಿಗ್ರಿ ಹಬೆಯಲ್ಲಿ ಬೇಯಿಸಿದ ಈ ಸಿಹಿಗೆ ಒಂದೇ ಒಂದು ಬೂಷ್ಟಿನ ಕಣ ತಗುಲಿದರೂ ಬಾಟಲಿ ಹಾಳು. ಆ ಹೆಣ್ಣುಮಗಳ ಕೈಯ ಎಚ್ಚರಕ್ಕೆ ಅಷ್ಟು ಬೆಲೆಯಿದೆ.

ಇಷ್ಟೆಲ್ಲ ಪಾಡು ಯಾಕೆ? ಗಡ್ಡೆಯಿಂದ ಗಡ್ಡೆಗೆ ವೈರಸ್ ದಾಟುತ್ತದೆ, ವರ್ಷದಿಂದ ವರ್ಷಕ್ಕೆ ಇಳುವರಿ ಕುಸಿಯುತ್ತದೆ. ಆದರೆ ರೋಗದ ಗಿಡದಲ್ಲೂ ಕುಡಿಯ ತುತ್ತತುದಿ ಬಹುಮಟ್ಟಿಗೆ ಶುದ್ಧವಾಗಿರುತ್ತದೆ. ಮಿಲಿಮೀಟರಿನ ಕಾಲುಭಾಗವೂ ಇರದ ಆ ತುದಿಯನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ಬೆಳೆಸಿ, ವೈರಸ್ ಪರೀಕ್ಷೆಯಲ್ಲಿ ಪಾಸಾದದ್ದನ್ನಷ್ಟೇ ತಾಯಿಸಸಿ ಮಾಡುತ್ತಾರೆ.

ಹಾಸನದ ರೈತರು ಮುಂಗಾರಿಗೆ ಮುನ್ನ ಜಲಂಧರ್ ಕಡೆಯ ಬಿತ್ತನೆ ಗಡ್ಡೆಗಾಗಿ ಎಪಿಎಂಸಿಯಲ್ಲಿ ಸಾಲು ನಿಲ್ಲುತ್ತಾರೆ. ಎಕರೆಗೆ ಐದಾರು ಕ್ವಿಂಟಲ್ ಬೇಕು. ಬೇಸಾಯದ ಖರ್ಚಿನಲ್ಲಿ ಸಿಂಹಪಾಲು ಅದಕ್ಕೇ. ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯವು ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆಗೂಡಿ ಹಾಸನದಲ್ಲಿ ಬೇರೆ ದಾರಿ ತೋರಿಸಿದೆ. ಪ್ರಯೋಗಾಲಯದ ಸಸಿಯನ್ನು ನೆಟ್‌ಹೌಸಿನಲ್ಲಿ ಬೆಳೆಸಿ, ಕುಡಿ ಕತ್ತರಿಸಿ, ಕೊಕೊಪೀಟ್ ಟ್ರೇಯಲ್ಲಿ ಬೇರು ಬರಿಸಿ ರೈತರಿಗೆ ಕೊಡುವುದು. ಗಡ್ಡೆಯ ಬದಲು ಟೊಮೆಟೊದಂತೆ ಸಸಿಯನ್ನೇ ನಾಟಿ ಮಾಡಬಹುದು. ಬಂದ ಗಡ್ಡೆ ಮುಂದಿನ ಬಿತ್ತನೆಗಾಗುತ್ತದೆ. ಇಂಥ ಸಸಿ ಬೆಳೆಸುವ ನರ್ಸರಿಗಳು ಹೋಬಳಿಗೊಂದಾದರೂ ಏಳಬೇಕು.

ರೈತರಿಗೆ ಒಂದು ಮಾತು: ಈ ಸಸಿ ಅಂಗಮಾರಿಯನ್ನು ತಡೆಯುವುದಿಲ್ಲ. ಮೋಡ ಕವಿದು ತುಂತುರು ಹಿಡಿದರೆ ಔಷಧಿ ಸಿಂಪಡಣೆ ತಪ್ಪಿಸಬೇಡಿ.