ತಾರಸಿಯ ಕಾವು, ಕ್ಯಾಮೆರಾದ ಬಣ್ಣ

ಥರ್ಮಲ್ ಕ್ಯಾಮೆರಾ ಗೋಡೆಯನ್ನು ಭೇದಿಸಿ ಒಳಗಿನದನ್ನು ತೋರಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ವಸ್ತುವಿನ ಮೇಲ್ಮೈಯಿಂದ ಹೊಮ್ಮುವ ಅವಕೆಂಪು ಕಿರಣಗಳನ್ನು, ಎಂದರೆ ಕಣ್ಣಿಗೆ ಕಾಣದ ಉಷ್ಣವಿಕಿರಣವನ್ನು, ಸಾಮಾನ್ಯವಾಗಿ 8ರಿಂದ 14 ಮೈಕ್ರೋಮೀಟರ್ ತರಂಗಾಂತರದಲ್ಲಿ ಗ್ರಹಿಸಿ, ಆ ಮೇಲ್ಮೈಯ ತಾಪಮಾನವನ್ನು ಅಂದಾಜಿಸುತ್ತದೆ. ಕಿಟಕಿಯ ಗಾಜನ್ನು ದಾಟುವ ಶಕ್ತಿಯೂ ಈ ಕಿರಣಗಳಿಗಿಲ್ಲ. ಬಣ್ಣಗಳನ್ನು ಉಪಕರಣವೇ ಹಂಚುವುದರಿಂದ, ಸುತ್ತಲಿಗಿಂತ ಎರಡೇ ಡಿಗ್ರಿ ಬಿಸಿಯಾದ ಜಾಗವೂ ಚಿತ್ರದಲ್ಲಿ ಕೆಂಡದಂತೆ ಕಾಣಬಹುದು.

ಮನೆಯ ಕಾವಿನ ಸೋರಿಕೆಗಳನ್ನು ತೋರಿಸುವ ಪ್ರಸಿದ್ಧ ಚಿತ್ರಗಳು ಬಹುಪಾಲು ಶೀತದೇಶಗಳವು. ಅಲ್ಲಿ ಒಳಗಿನ ಮತ್ತು ಹೊರಗಿನ ತಾಪಮಾನಗಳ ನಡುವೆ ಈ ಪರೀಕ್ಷೆಗೆ ಬೇಕಾದ ಸುಮಾರು 10 ಡಿಗ್ರಿ ಸೆಲ್ಸಿಯಸ್ ಅಂತರ ಸುಲಭವಾಗಿ ದೊರೆಯುತ್ತದೆ. ಕಿಟಕಿ ತೆರೆದು ಫ್ಯಾನ್ ಹಾಕಿಕೊಂಡಿರುವ ಮಂಗಳೂರಿನ ಮನೆಯಲ್ಲಿ ಆ ಅಂತರವೇ ಇಲ್ಲದ ಕಾರಣ, ಗೋಡೆಯ ಸೋರಿಕೆ ಹುಡುಕುವುದು ಬಹುಮಟ್ಟಿಗೆ ವ್ಯರ್ಥ ಶ್ರಮ. ಏಸಿ ಕೋಣೆಯ ಮಾತು ಬೇರೆ.

ಈ ಊರಿನಲ್ಲಿ ಕ್ಯಾಮೆರಾ ನಿಜವಾಗಿ ನೋಡಬೇಕಾದದ್ದು ಚಾವಣಿಯನ್ನು, ಅದೂ ನಡುಹಗಲಿನಲ್ಲಲ್ಲ. ತಾರಸಿ ಮನೆಯ ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಹೀರಿ, ಆ ಕಾವನ್ನು ಕೆಲವು ಗಂಟೆ ತಡವಾಗಿ ಕೆಳಗಿನ ಕೋಣೆಗೆ ಬಿಡುವುದರಿಂದ, ಮಧ್ಯಾಹ್ನ ನಿರಪಾಯವೆನಿಸಿದ ಚಾವಣಿ ಸಂಜೆಯ ಚಿತ್ರದಲ್ಲಿ ಕಾದ ಕಾವಲಿಯಾಗುತ್ತದೆ. ಹಂಚಿನ ಮನೆ ಸದಾ ತಂಪು ಎಂಬುದೂ ಅರ್ಧಸತ್ಯವೇ. 1865ರಲ್ಲಿ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ನಗರದ ಜೆಪ್ಪುವಿನಲ್ಲಿ ತಯಾರಿಕೆ ಆರಂಭಿಸಿದ ಮಂಗಳೂರು ಹಂಚು ತೆಳುವಾದದ್ದರಿಂದ ಬಿಸಿಲಿಗೆ ಬೇಗ ಕಾಯುತ್ತದೆ, ಆದರೆ ಸಂಜೆಯಾದೊಡನೆ ಅಷ್ಟೇ ಬೇಗ ಆರುತ್ತದೆ. ಮಳೆಯ ರಕ್ಷಣೆಗೆಂದು ತಾರಸಿಯ ಮೇಲೆ ಹಾಕಿಸುವ ಶೀಟು ನೆರಳನ್ನೂ ಕೊಡುತ್ತದೆ. ಆದರೆ ಹೊಳೆಯುವ ತಗಡನ್ನು ಕ್ಯಾಮೆರಾದಿಂದ ಅಳೆಯಹೊರಟರೆ ಅದು ತನ್ನ ಕಾವಿನ ಬದಲು ಆಕಾಶದ ಪ್ರತಿಫಲನವನ್ನೇ ಹೆಚ್ಚಾಗಿ ತೋರಿಸಿ ದಾರಿ ತಪ್ಪಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ನೆನೆದ ಕೆಂಪುಕಲ್ಲಿನ ಗೋಡೆಯ ಮೇಲೆ ಕಾಣುವ ತಂಪು ಕಲೆಯನ್ನು ಏಸಿಯ ಸೋರಿಕೆಯೆಂದು ಭಾವಿಸುವುದೂ ಉಂಟು. ನೀರು ಆವಿಯಾಗುವಾಗ ಮೇಲ್ಮೈ ತಣಿಯುವುದೇ ಅದಕ್ಕೆ ಕಾರಣ. ತೇವಮಾಪಕದಿಂದ ಪರೀಕ್ಷಿಸದೆ ತೀರ್ಮಾನಕ್ಕೆ ಬರಲಾಗದು.

ಬಿಸಿಯಾಗಿ ಕಂಡದ್ದೆಲ್ಲ ಪೋಲು, ಕಾಣದಿದ್ದರೆ ಉಳಿತಾಯ ಎಂಬ ಎಣಿಕೆ ಈ ತಪ್ಪು ನಂಬಿಕೆಗಳೆಲ್ಲಕ್ಕಿಂತ ದುಬಾರಿಯಾದದ್ದು. ಸ್ವಿಚ್‌ಬೋರ್ಡಿನಲ್ಲಿ ಸಡಿಲವಾದ ತಂತಿಯ ಜೋಡಣೆ ಕಾದಿರುವುದು ಚಿತ್ರದಲ್ಲಿ ಎದ್ದು ಕಾಣುತ್ತದೆ. ಅಲ್ಲಿ ನಷ್ಟವಾಗುವ ವಿದ್ಯುತ್ ಅಲ್ಪ, ಬೆಂಕಿಯ ಅಪಾಯ ಮಾತ್ರ ದೊಡ್ಡದು. ಸುಮಾರು 75 ವ್ಯಾಟ್ ಬಳಸುವ ಹಳೆಯ ಫ್ಯಾನ್ ಮತ್ತು ಸುಮಾರು 30 ವ್ಯಾಟ್‌ನಲ್ಲೇ ತಿರುಗುವ, ಬ್ರಷ್‌ರಹಿತ ಮೋಟಾರಿನ ಬಿಎಲ್‌ಡಿಸಿ ಫ್ಯಾನ್‌ಗಳ ನಡುವಿನ ವ್ಯತ್ಯಾಸವಾದರೋ ಚಿತ್ರದಲ್ಲಿ ಅಳತೆಗೆ ಸಿಗದಿದ್ದರೂ ಮೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ ತಿಂಗಳು ತಿಂಗಳೂ ಸೇರುತ್ತ ಹೋಗುತ್ತದೆ. ಕರಾವಳಿಯ ಏಸಿ ಗಾಳಿಯನ್ನು ತಣಿಸುವುದರ ಜೊತೆಗೆ ಅದರಲ್ಲಿನ ನೀರಾವಿಯನ್ನೂ ನೀರಾಗಿಸಬೇಕಾಗಿದ್ದು, ಈ ಕೆಲಸಕ್ಕೆ ವಿದ್ಯುತ್ತಿನ ಗಣನೀಯ ಪಾಲು ಬೇಕು. ಬಾಗಿಲಿನ ಕೆಳಗಿನ ಸಂದಿಯಿಂದ ಒಳಬರುವ ಆ ಆವಿಯನ್ನು ಕ್ಯಾಮೆರಾ ಕಾಣಲಾರದು. ಸಂದಿಯ ಬಳಿ ಹಿಡಿದ ಊದುಬತ್ತಿಯ ಹೊಗೆ ಗಾಳಿಯ ಹರಿವನ್ನು ಕೂಡಲೇ ತೋರಿಸುತ್ತದೆ.